ಐದೂ ಮನೆಗೆ ಭಂಡಾರ

ಶ್ವೀಬರ್ಡಿಂಗೆನ್
೯ ನವೆಂಬರ್ ೨೦೦೪

ಹಾಲಸಿದ್ದಪ್ಪಾ,

'ಪ್ರೀತಿಯ' ಎಂದು ಬರೆದು ಹೊಡೆದು ಹಾಕಿದ್ದೇನೆ. ಸಿಟ್ಟು ಇಳಿದ ಮೇಲೆ ಬೇಕಾದರೆ ಮತ್ತೆ ಬರೆಯುತ್ತೇನೆ. ಫೋನ್ ಮಾಡಿದರೆ ನೀನು ಮಾತು ಮರೆಸುತ್ತೀ, ಅದಕ್ಕೇ ಈ ಕಾಗದ.

ಮೂರು ವರ್ಷದ ಹಿಂದೆ ಜರ್ಮನಿಯ ಗ್ರೀನ್ ಕಾರ್ಡ್ ಹಿಡಿದುಕೊಂಡು ಒಂದೇ ವಿಮಾನದಲ್ಲಿ ಬಂದವರು ನಾವು. ಗುರಿ ಹೊಡೆಯುವವರ ಸಂಘಕ್ಕೆ, ಇವರ ಫೆರೈನಿಗೆ, ಒಂದೇ ದಿನ ಸೇರಿದವರು. ಕಾಡತೂಸು ಮನೆಯಲ್ಲೇ ತುಂಬಿಕೊಳ್ಳಲು ನನಗೆ ಪರವಾನಗಿ ಬೇಕಾದಾಗ, ಈ ದೇಶಕ್ಕೆ ಬಂದು ಐದು ವರ್ಷವೂ ಆಗಿಲ್ಲವೆಂದು ಆಮ್ಟ್ ಕಚೇರಿಯವರು ಎರಡು ಸಲ ವಾಪಸು ಕಳಿಸಿದ್ದರು. ಕೊನೆಗೆ ನಮ್ಮ ಫೆರೈನಿನ ಹಿರಿಯ ಕ್ರಾಮರ್ ಅಜ್ಜ, ಈ ಹುಡುಗನ ಜವಾಬ್ದಾರಿ ನನ್ನದು ಎಂದು ಸಹಿ ಹಾಕಿದ ಮೇಲೆ ಅದು ಸಿಕ್ಕಿತು. ಇದೆಲ್ಲ ನಿನಗೆ ಗೊತ್ತು.

ನಾನು ಕಾಡತೂಸು ಒಂದೊಂದೇ ತುಂಬುವ ಸಣ್ಣ ಪ್ರೆಸ್ ಯಂತ್ರ ತರುವವನಿದ್ದೆ. 'ಅದು ಮುದುಕರ ಕೆಲಸಲೇ ದುಂಡ್ಯಾ, ಪ್ರೊಗ್ರೆಸಿವ್ ತಗೋ. ಒಮ್ಮೆ ಹಿಡಿ ಎಳದ್ರ ಒಂದು ಕಾಡತೂಸು ತಯಾರ' ಎಂದವನು ನೀನು. ಮೂರು ಭಾನುವಾರ ನನ್ನ ಮನೆಯ ನೆಲಮಾಳಿಗೆಯ ಕೆಲ್ಲರಿನಲ್ಲಿ ಕೂತು ಅದನ್ನು ಜೋಡಿಸಿದೆವು. ಮೇಜು ಅಲುಗಾಡುತ್ತದೆಂದು ಗೋಡೆಗೇ ಬೋಲ್ಟು ಹಾಕಿದೆವು. ಅದರ ದುಂಡು ತಟ್ಟೆಗೆ ಐದು ಮನೆ, ಒಂದೊಂದರಲ್ಲಿ ಒಂದು ಖಾಲಿ ಹಿತ್ತಾಳೆ ಕೊಳವೆ: ಒಂದರಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ಹೋಗಿ ಹೊಸದು ಕೂರುತ್ತದೆ, ಮುಂದಿನದರಲ್ಲಿ ಮದ್ದು ಬೀಳುತ್ತದೆ, ಆಮೇಲೆ ಗುಂಡು. ಪ್ರತಿ ಎಳೆತಕ್ಕೂ ತಟ್ಟೆ ಒಂದು ಮನೆ ಸರಿಯುತ್ತದೆ. ಮದ್ದಿನ ತೂಕ ಹತ್ತು ಸಲವೂ ಒಂದೇ ಬರುವವರೆಗೆ ನೀನು ನನ್ನನ್ನು ಏಳಲು ಬಿಡಲಿಲ್ಲ. ಆಗ ನಿನ್ನಂಥ ಗೆಳೆಯ ಇಲ್ಲ ಅಂದುಕೊಂಡಿದ್ದೆ. 'ತಟ್ಟೆ ಕೈಯಿಂದ ತಿರುಗಿಸಬಾರದು' ಎಂದು ನಾನೇ ಗೋಡೆಗೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದೆ. ನಮ್ಮಿಬ್ಬರನ್ನು ಬಿಟ್ಟರೆ ಅದನ್ನು ಓದುವವರು ಯಾರಿದ್ದರು ಹೇಳು.

ರಜೆ ಇಲ್ಲವೆಂದು ದಸರೆಯ ಖಂಡೇಪೂಜೆಯನ್ನು ಭಾನುವಾರಕ್ಕೆ ತಳ್ಳಿದ್ದೆವು. ನಾನು ಪ್ರೆಸ್ ಮುಂದೆ ಅರ್ಧ ಕೆಲಸದಲ್ಲಿದ್ದಾಗ ನೀನು ಬಂದೆ. ಊದುಬತ್ತಿ ಬೇಡ, ಮದ್ದಿದೆ ಎಂದೆ ನಾನು. 'ಬರೇ ಭಂಡಾರ ಹಚ್ಚತೀನಿ, ನೀ ನಡಿ' ಎಂದೆ ನೀನು, ನಿನ್ನ ಹೆಸರಿನ ದೇವರ ಅರಿಶಿನದ ಪೊಟ್ಟಣ ಬಿಚ್ಚುತ್ತ. ಮೇಲಿನಿಂದ ನನ್ನಾಕೆ ಮೇಘಾ, 'ಹೋಳಿಗಿ ಆರಿ ಹೋಗ್ತಾವ, ಬರ್ರಿ' ಎಂದು ಕರೆದಳು, ನಾನು ಹತ್ತಿ ಹೋದೆ. ನಿನಗೋ ಒಂದು ಮನೆಗೆ ಹಚ್ಚಿದರೆ ಸಾಲದು, ಐದೂ ಮನೆಗೆ ಹಚ್ಚಬೇಕು. ಹಿಂದಿನ ಮನೆಗಳಿಗೆ ಕೈ ಎಟುಕದೆ ನೀನು ತಟ್ಟೆ ತಿರುಗಿಸಿದೆ. ಕೇಪು ಕೂತಿದ್ದ ಒಂದು ಹಿತ್ತಾಳೆ ಕೊಳವೆ ಮದ್ದಿಲ್ಲದೆ ಮುಂದೆ ಹೋಯಿತು. ಮೇಲೆ ಬಂದು ಕೈ ತೊಳೆದೆ, ನಾಲ್ಕು ಹೋಳಿಗೆ ತಿಂದೆ, ತಿರುಗಿಸಿದ್ದನ್ನು ಮಾತ್ರ ಹೇಳಲಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಗುಂಡು ಕೂರಿಸುವ ಮೊದಲು ಮದ್ದಿದೆಯೇ ಎಂದು ಪ್ರತಿ ಕೊಳವೆಯೊಳಗೂ ಬಗ್ಗಿ ನೋಡುವವನು ನಾನು. ಅಂದು ಊಟದ ಮೇಲೆ ನಿನ್ನ ಹರಟೆ ಕೇಳುತ್ತ ಹಿಡಿ ಎಳೆದೆ, ನೋಡಲಿಲ್ಲ. ಆ ಪಾಲು ನನ್ನದೇ.

ಮುಂದಿನ ಶನಿವಾರ ಫೆರೈನಿನಲ್ಲಿ ನಾನು ಹೊಡೆದಾಗ 'ಢಂ' ಅನ್ನಲಿಲ್ಲ, 'ಟಪ್' ಅಂದಿತು. ಇನ್ನೊಮ್ಮೆ ಬೆರಳು ಒತ್ತುವಷ್ಟರಲ್ಲಿ ಪಕ್ಕದಲ್ಲಿದ್ದ ಕ್ರಾಮರ್ ಅಜ್ಜ 'ಹಾಲ್ಟ್' ಎಂದು ಕೂಗಿದರು. ಕೇಪಿನ ಕಸುವಷ್ಟೇ ತಾಗಿ ಗುಂಡು ನಳಿಗೆಯಲ್ಲೇ ಸಿಕ್ಕಿತ್ತು. ಒತ್ತಿದ್ದರೆ ಮುಂದಿನ ಗುಂಡು ಅದಕ್ಕೆ ಬಡಿದು, ರಿವಾಲ್ವರ್ ಒಡೆದು ನನ್ನ ಕೈ ಹೋಗುತ್ತಿತ್ತು, ಅಜ್ಜನ ಕಣ್ಣೂ ಹೋಗುತ್ತಿತ್ತೇನೋ.

ಎಲ್ಲರೂ ಸುತ್ತ ನಿಂತು ಇದು ಹೇಗಾಯಿತೆಂದು ಕೇಳಿದರು. ನೀನು ಏನಂದೆ? 'ಇವನದು ಯಾವಾಗಲೂ ಅವಸರ. ಸಣ್ಣ ಪ್ರೆಸ್ ಸಾಕು ಅಂತ ನಾನು ಮೊದಲೇ ಹೇಳಿದ್ದೆ' ಎಂದು ಚೊಕ್ಕ ಜರ್ಮನ್‌ನಲ್ಲಿ ಹೇಳಿದೆ. ಒಂದು ವ್ಯಾಕರಣ ತಪ್ಪೂ ಇರಲಿಲ್ಲ.

ಆ ಖಾಲಿ ಕೊಳವೆಯನ್ನು ಮನೆಗೆ ತಂದು ನೋಡಿದರೆ ಅಂಚಿನ ಗೀರಿನ ತುಂಬ ಹಳದಿ. ಫೋನ್ ಮಾಡಿ ಕೇಳಿದೆ. ಹಚ್ಚಿದ್ದು ಹೌದು, ತಿರುಗಿಸಿದ್ದೂ ಹೌದು ಎಂದೆ ನೀನು. ಆಮೇಲೆ, 'ನಮ್ಮ ದೇವರ ವಿಷಯ ಅವರ ಮುಂದ ಯಾಕಲೇ? ನಗ್ತಾರ' ಎಂದೆ.

ಅವರು ನಕ್ಕಾರು ಎಂದು ನನ್ನ ಹೆಸರಿಗೆ ಮಸಿ ಬಳಿದೆಯಾ? ನನ್ನ ಕೆಲ್ಲರಿನಲ್ಲಿ ಭಂಡಾರ ಹಚ್ಚುವಾಗ ಇಲ್ಲದ ನಾಚಿಕೆ ಅವರೆದುರು ಎಲ್ಲಿಂದ ಬಂತು? ಕ್ರಾಮರ್ ಅಜ್ಜ ಈಗ ನನ್ನ ಮುಖ ನೋಡುವುದಿಲ್ಲ. 'ನಾನು ಸಹಿ ಹಾಕಿದ್ದೆ' ಎಂದಷ್ಟೇ ಅಂದು ಕೋಟು ಹಾಕಿಕೊಂಡು ಹೋದರು. ಪರವಾನಗಿ ಹೋದರೆ ಹೋಗಲಿ, ಆ ಮಾತು ನನಗೆ ತಡೆಯಲಾಗುತ್ತಿಲ್ಲ.

ಶುಕ್ರವಾರ ಸಂಜೆ ಆರಕ್ಕೆ ನನ್ನನ್ನು ಫೆರೈನಿನಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂದು ಸಭೆ ಕೂರುತ್ತದೆ. ನೋಡದೆ ತುಂಬಿದವನು ನಾನು ಎಂದು ನಾನು ಹೇಳುತ್ತೇನೆ. ನಿನ್ನ ಪಾಲನ್ನು ನಾನು ಹೇಳಿದರೆ ಚಾಡಿಯಾಗುತ್ತದೆ, ಅದನ್ನು ನೀನೇ ಹೇಳಬೇಕು. ಕೊಳವೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ತೊಳೆದಿಲ್ಲ, ನೀನೂ ತೊಳೆಯಬೇಡ. ಹಳದಿ ಹಾಗೆಯೇ ಇರುವಂತೆ ತಂದು ಅಜ್ಜನ ಕೈಯಲ್ಲಿಡು.

ಐದೂ ಮನೆಗೆ ಭಂಡಾರ ಹಚ್ಚಿಸಿಕೊಂಡ ನಿನ್ನ ಹೆಸರಿನ ದೇವರು ಶುಕ್ರವಾರ ನಿನಗೆ ಬಾಯಿ ಕೊಡಲಿ.

ನಿನ್ನ ದಾರಿ ಕಾಯುವ,
ದುಂಡಪ್ಪ