ನಿಂತು ಮಾಡುವ ಮೀಟಿಂಗ್

ಮಾರ್ಚ್ ೪, ಬೆಳಿಗ್ಗೆ

ಇವತ್ತೂ ನಿಂತೇ ಮೀಟಿಂಗ್. ಕೂತರೆ ಮಾತು ಬೆಳೆಯುತ್ತದೆ, ಕೆಲಸ ಬೆಳೆಯುವುದಿಲ್ಲ. ಡಾಕ್ಟರು, ನರ್ಸು, ಫಾರ್ಮಸಿಯವರು, ಫಿಸಿಯೋ... ಎಲ್ಲರಿಗೂ ತಲಾ ಒಂದು ನಿಮಿಷ. ಮೀರಿದರೆ ಗಂಟೆ ಬಾರಿಸುತ್ತೇನೆ. ಮೂಳೆ ವಾರ್ಡಿನ ಮುಖ್ಯಸ್ಥೆಯಾಗಿ ನಾನು ತಂದ ಪದ್ಧತಿ. ಬೇರೆ ವಾರ್ಡಿನವರು ನೋಡಲು ಬರುತ್ತಿದ್ದಾರೆ. ಸ್ವಲ್ಪ ಜಂಭ ಬಂದಿದೆ, ಬರಲಿ.

ಫಿಸಿಯೋಗೆ ನಾವಿಟ್ಟ ಹೆಸರು ಪುರಾಣ. ಮೊಣಕಾಲು ಹೇಗಿದೆ ಅಂದರೆ ಮೂರು ತಲೆಮಾರಿನ ಕಥೆ ಹೇಳುತ್ತಾನೆ. ಇವತ್ತು ಸೊಂಟದ ಆಪರೇಷನ್ ಆದ ಡ್ರಾಯಿಂಗ್ ಮೇಷ್ಟ್ರ ವಿಷಯ. ಬೇಗ ಮನೆಗೆ ಕಳಿಸಿ ವಿಡಿಯೋ ಕಾಲ್‌ನಲ್ಲಿ ನೋಡಿಕೊಳ್ಳುವ ನನ್ನ ಹೊಸ ಯೋಜನೆಗೆ ಅವರೇ ಮೊದಲ ಪೇಷೆಂಟ್.

"ಮೇಷ್ಟ್ರ ಮಗಳು ಸಿಕ್ಕಿದ್ರು ಮೇಡಂ. ಅವ್ರ ಮನೇಲಿ ಒಂದು ಮುದಿ ನಾಯಿ ಇದೆಯಂತೆ, ಪಾಪ, ಅದಕ್ಕೆ ಕಣ್ಣು..."

ಟಿಣ್.

"ನಾಯಿಗೂ ಡಿಸ್ಚಾರ್ಜ್ ಬರ್ಕೊಡ್ಲಾ?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ.

ಮಾರ್ಚ್ ೬

ಮೇಷ್ಟ್ರು ವಾಕರ್ ಹಿಡಿದು ಠೀವಿಯಿಂದ ಮನೆಗೆ ಹೋದರು. ಡೈರೆಕ್ಟರ್ ಫೋನ್ ಮಾಡಿ ಶಹಬ್ಬಾಸ್ ಅಂದರು.

ಮಾರ್ಚ್ ೯, ಮಧ್ಯಾಹ್ನ

ಮೇಷ್ಟ್ರು ಬಿದ್ದರು. ತೊಡೆಯ ಮೂಳೆ ಮುರಿದಿದೆ. ಮತ್ತೆ ಆಪರೇಷನ್.

ಅವರ ಮನೆಯ ಬಚ್ಚಲು ಎರಡು ಮೆಟ್ಟಿಲು ಕೆಳಗೆ. ಕುರುಡು ನಾಯಿ ಮಲಗುವುದು ಆ ಮೆಟ್ಟಿಲ ಮೇಲೇ. ಎಬ್ಬಿಸಿದರೂ ಏಳುವುದಿಲ್ಲ, ಮೇಷ್ಟ್ರು ದಾಟಿಕೊಂಡೇ ಹೋಗಬೇಕು. ಮಗಳು ಇದನ್ನೇ ಫಿಸಿಯೋಗೆ ಹೇಳಿದ್ದಳು. ಅವನು ಅದನ್ನೇ ನಮಗೆ ಹೇಳಹೊರಟಿದ್ದ.

"ಆಮೇಲಾದ್ರೂ ಬಂದು ಹೇಳ್ಬಾರ್ದಿತ್ತೇನಯ್ಯಾ?" ಎಂದು ರೇಗಿದೆ.

"ಮತ್ತೆ ನಾಯಿ ಸುದ್ದಿ ಎತ್ತಿದ್ರೆ ಮತ್ತೆ ನಗ್ತಿದ್ರಿ ಮೇಡಂ."

ಹೌದು. ನಗುತ್ತಿದ್ದೆ.

ಮಾರ್ಚ್ ೨೩

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಮೇಷ್ಟ್ರಿಗೆ ಇನ್ನೂ ನಿಲ್ಲಲಾಗುತ್ತಿಲ್ಲ. "ನೀವೇನ್ ಮಾಡ್ತೀರಿ ತಾಯಿ, ನನ್ ಹಣೆಬರಹ" ಎಂದು ನನಗೇ ಸಮಾಧಾನ ಹೇಳಿದರು. ಹಣೆಬರಹವಂತೆ!

ಗಂಟೆ ತೆಗೆದೆ. ಕುರ್ಚಿ ಹಾಕಿಸಿದೆ. ಎಲ್ಲರೆದುರು ಕ್ಷಮೆ ಕೇಳಿದೆ. ಎಷ್ಟು ಹೊತ್ತಾದರೂ ಮಾತಾಡಿ ಅಂದೆ.

"ಏನೂ ವಿಶೇಷ ಇಲ್ಲ ಮೇಡಂ" — ಫಿಸಿಯೋ. ಉಳಿದವರದೂ ಅದೇ ರಾಗ. ಕೂತ ಕುರ್ಚಿ ಬಿಸಿಯಾಗುವ ಮೊದಲೇ ಮೀಟಿಂಗ್ ಮುಗಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಲು ಬಿಡದ ಮಾತಿಗೆ ಯಾವ ಗಾದೆಯಿದೆಯೋ, ನನಗೆ ಗೊತ್ತಿಲ್ಲ. ಇವರೆಲ್ಲ ಹರಟುತ್ತಿದ್ದಾಗ ಎಷ್ಟು ಸಿಡುಕುತ್ತಿದ್ದೆ. ಈಗ ಯಾರಾದರೂ ಹರಟಲಿ ಅನ್ನಿಸುತ್ತದೆ.

ಮಾರ್ಚ್ ೩೦, ಬೆಳಿಗ್ಗೆ

ರಾತ್ರಿ ಪಾಳಿ ಮುಗಿಸಿದ ನರ್ಸು ಮೀಟಿಂಗಿನಲ್ಲಿ ಬಾಯಿ ತೆರೆದಳು. "ಮೇಡಂ, ಏಳನೇ ಬೆಡ್ ಅಜ್ಜಿ..." ಎಲ್ಲರೂ ಅವಳತ್ತ ತಿರುಗಿದರು. ಅಷ್ಟಕ್ಕೇ ಮುಖ ಕೆಂಪಾಯಿತು.

"ಹೇಳಮ್ಮಾ, ಹೇಳು."

"ದೊಡ್ಡದೇನಲ್ಲ ಬಿಡಿ ಮೇಡಂ."

ಯಾವುದೋ ಫೋನ್ ಬಂತು, ಆ ಕಡೆ ತಿರುಗಿದೆ. ಅಷ್ಟರಲ್ಲಿ ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದಳು. ಮೊಬೈಲ್ ಸ್ವಿಚ್ ಆಫ್. ಮಲಗಿರಬೇಕು.

ಅದೇ ದಿನ, ಸ್ವಲ್ಪ ಹೊತ್ತಿನ ನಂತರ

ಏಳನೇ ಬೆಡ್ ಪಕ್ಕದಲ್ಲೇ ಕೂತಿದ್ದೇನೆ. ಬಿಪಿ ಸರಿ. ಜ್ವರವಿಲ್ಲ. ಗಾಯ ಒಣಗಿದೆ. ಸ್ಕ್ರೀನಿನಲ್ಲಿ ಎಲ್ಲವೂ ಹಸಿರು. ಮತ್ತೆ ಆ ಹುಡುಗಿ ಹೇಳಬೇಕೆಂದಿದ್ದು ಏನು? ದೇವರೇ, ದೊಡ್ಡದೇನೂ ಅಲ್ಲದಿರಲಿ.

ಅಜ್ಜಿಯನ್ನೇ ಕೇಳಿದೆ. "ಚೆನ್ನಾಗಿದೀನವ್ವ" ಅಂದರು. ಮತ್ತೆ ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿದರು. "ನಿಮ್ಗೆ ಟೈಮ್ ಇದ್ಯಾ?" ಅಂತ ಈಗ ಕೇಳುತ್ತಿದ್ದಾರೆ. ಪೆನ್ನು ಮುಚ್ಚುತ್ತೇನೆ.