ಹಸಿರು ಕೋಟಿಗೆ ಕಾಣಿಕೆ

ನಾರಿನ್ ಪಟ್ಟಣ

ಪ್ರೀತಿಯ ಬುರುಲ್ಚಾ ಅಕ್ಕನಿಗೆ,

ಇದನ್ನು ಬರೆಯದೇ ಬಿಡುವವಳಿದ್ದೆ: ನಾವು ನಿಮ್ಮ ಹಳೆಬಟ್ಟೆ ಅಂಗಡಿಗೆ ಬಂದ ದಿನ ಬೆಳಿಗ್ಗೆಯೇ ನನ್ನ ಮಗಳು ಐಜಿರೆಕ್, ತನಗೆ ಕಾಲೇಜು ಬೇಡವೆಂದಿದ್ದಳು. ರಾಜಧಾನಿ ಬಿಷ್ಕೆಕ್‌ನ ಹುಡುಗಿಯರು ತನ್ನ ಬಟ್ಟೆ ನೋಡಿ ನಗುತ್ತಾರೆಂಬ ಭಯ.

ನಿಮ್ಮ ಅಂಗಡಿಯಲ್ಲಿ ಹಸಿರು ಕೋಟು ತೊಟ್ಟು, "ಹಳೇದು ಅಂತ ಗೊತ್ತಾಗತ್ತಾ?" ಎಂದು ಕೇಳಿದಳು.

"ನಿನ್ನ ಮೈಮೇಲೆ ಇವತ್ತೇ ನೋಡ್ತಿರೋದು ಕಣೇ, ಅಂದ್ಮೇಲೆ ಹೊಸದೇ! ತಗೋ, ನೋಡಿದ್ದಕ್ಕೆ ನನ್ನ ಕಾಣಿಕೆ" ಎಂದು ನೀವು ರೇಷ್ಮೆ ಸ್ಕಾರ್ಫ್ ಕೊಟ್ಟಿರಿ. ನಮ್ಮಲ್ಲಿ ಹೊಸ ಬಟ್ಟೆಯನ್ನು ಮೊದಲ ಸಲ ಕಂಡ ನೆಂಟರು ಕಾಣಿಕೆ ಕೊಡುವುದುಂಟು. ಮಾರಿದವರೇ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ. ನನಗೇಕೆ ಆ ಮಾತು ಹೊಳೆಯಲಿಲ್ಲವೋ.

ಹಾಸ್ಟೆಲಿನಲ್ಲಿ ಅವಳು, "ಕೋಟು ನೋಡಿದ್ರಲ್ಲ, ಕಾಣಿಕೆ ತೆಗೀರಿ" ಎಂದು ಎಲ್ಲರಿಂದ ಚಾಕೊಲೇಟು ವಸೂಲು ಮಾಡಿದಳಂತೆ. ಈಗ ಕಾಲೇಜು ಬಿಟ್ಟು ಮನೆಗೆ ಬರುವ ಮಾತೇ ಇಲ್ಲ.

ಚಳಿಗೆ ಅವಳ ಕಾಲಿಗಾಗುವ ಬೂಟು ಬಂದರೆ ದಯವಿಟ್ಟು ತೆಗೆದಿಡಿ.

ನಿಮ್ಮ ಋಣಿ,
ಝಿಲ್ದಿಜ್

ದಿನಾಂಕ: ಅಕ್ಟೋಬರ್ ೯