ಯಾರೂ ಊರು ಕೇಳದ ಬಸ್ಸು

ಗದಗ, 2191ರ ಫೆಬ್ರವರಿ 30

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇರಲಿಲ್ಲ, ಗೊತ್ತು. ನಮ್ಮಲ್ಲಿದೆ. ನನ್ನ ಮಾತುಗಳೂ ಹೀಗೆಯೇ ವಿಚಿತ್ರವೆನಿಸಿದರೆ, ಹಿಂದಿನ ಕಾಲದ ಹಿರಿಯರಾದ ನೀವು ಕ್ಷಮಿಸಬೇಕು.

ನಾನು ದಾನವ್ವ ಕೊಣ್ಣೂರ, ಇಲ್ಲಿನ ನಂಬಿಕೆಮನೆಯಲ್ಲಿ ಪರೀಕ್ಷಕಿ. ಮಕ್ಕಳನ್ನೋ ರೋಗಿಗಳನ್ನೋ ನೋಡಿಕೊಳ್ಳುವವರಲ್ಲಿ ಅತಿಯಾದ ಸಂಶಯ ಇದೆಯೇ ಎಂದು ತಿಳಿಯುವುದು ಈ ಮನೆಯ ಕೆಲಸ. ಬಂದವರಿಗೆ ದಪ್ಪ ಕನ್ನಡಕ ಹಾಕಿ ಹುಸಿಬಸ್ಸು ಹತ್ತಿಸುತ್ತೇವೆ. ನೀವು ವರ್ಚುವಲ್ ರಿಯಾಲಿಟಿ ಎನ್ನುತ್ತಿದ್ದುದೇ ಅದು. ನಿಮ್ಮ ಕಾಲದವರು ಕಟ್ಟಿದ ಬಸ್ಸನ್ನೇ, ಒಂದು ಸೀಟೂ ಬದಲಿಸದೆ, ಇವತ್ತಿಗೂ ಓಡಿಸುತ್ತಿದ್ದೇವೆ. ಅದರ ಹನ್ನೆರಡು ಪ್ರಯಾಣಿಕರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಒಮ್ಮೆ ನೋಡುತ್ತಾರೆ, ಮುಖ ತಿರುಗಿಸುತ್ತಾರೆ, ಮಾತಾಡುವುದಿಲ್ಲ. ಅವರೆಲ್ಲ ಸೇರಿ ಏನೋ ಸಂಚು ಮಾಡುತ್ತಿದ್ದಾರೆ ಎಂದು ಹೆದರಿದವರ ಹೆಸರಿನ ಮುಂದೆ ‘ಸಂಶಯ’ ಎಂದು ಬರೆಯುತ್ತೇವೆ.

ಹೋದ ವಾರ ನನ್ನ ತಂಗಿ ಕಸ್ತೂರೆವ್ವ ಹತ್ತಿದಳು. ಹತ್ತೊಂಬತ್ತು ವರ್ಷ ಶಿಶುವಿಹಾರದಲ್ಲಿ ಮಕ್ಕಳಿಗೆ ಉಣಿಸಿದವಳು. ಮೂರೇ ನಿಮಿಷಕ್ಕೆ ಕನ್ನಡಕ ಕಿತ್ತು, “ಯಕ್ಕಾ, ಇವ್ರೇನ್ ಮಂದೀನ? ಬಾಜೂಕ ಕುಂತು ಯಾವೂರು ಅಂತ ಒಬ್ರೂ ಕೇಳವಲ್ರು. ಮನಸ್ಸಿನ್ಯಾಗ ಏನೋ ಇಟ್ಕೊಂಡಾರ,” ಎಂದಳು. ನಿಯಮದಂತೆ ಬರೆದೆ. ನಾಳೆ ಅವಳ ಕೆಲಸ ಹೋಗುತ್ತದೆ. ಬರೆದ ಕೈ ನನ್ನದೇ.

ಆಮೇಲೆ ಕುತೂಹಲ ತಡೆಯದೆ ಹಳೆಯ ಕಡತಗಳನ್ನು ತೆಗೆದೆ. ನಮ್ಮೂರಿನಲ್ಲಿ ಹತ್ತರಲ್ಲಿ ಏಳು ಜನ ಸಂಶಯದವರು! ಪಕ್ಕದಲ್ಲಿ ಕೂತವರ ಊರು, ಮಕ್ಕಳು, ಊಟ ವಿಚಾರಿಸದೆ ಎರಡು ಸ್ಟಾಪು ದಾಟದ ಜನ ನಾವು. ಸುಮ್ಮನೆ ಕೂತವನೇ ನಮಗೆ ಅಂಜಿಕೆ ಹುಟ್ಟಿಸುವವನು. ಬಸ್ಸಿನ ಯಂತ್ರ ನೋಡಿಕೊಳ್ಳುವವರನ್ನು ಕಾಡಿ ಬೇಡಿ, ಆ ಹನ್ನೆರಡು ಪ್ರಯಾಣಿಕರಲ್ಲಿ ಒಬ್ಬ ಅಜ್ಜಿಯ ಬಾಯಲ್ಲಿ “ಯಾವೂರವ್ವ ನಿಂದು?” ಎಂಬ ಒಂದೇ ಮಾತು ಇಡಿಸಿದೆ. ಕಸ್ತೂರೆವ್ವ ಮತ್ತೆ ಹತ್ತಿದಳು. ಉಳಿದ ಹನ್ನೊಂದು ಮಂದಿ ಮೊದಲಿನಂತೆಯೇ ಮೂಕರು, ಅವಳಿಗೆ ಅವರ ಗೊಡವೆಯೇ ಇಲ್ಲ. ಇಲ್ಲದ ಅಜ್ಜಿಯ ಮುಂದೆ ಇಪ್ಪತ್ತು ನಿಮಿಷ ನನ್ನ ಮೇಲೇ ಚಾಡಿ ಹೇಳಿದಳು.

ಮೇಲಿನವರು ಒಪ್ಪಲಿಲ್ಲ. ಮೂಲ ಬಸ್ಸಿನಲ್ಲಿ ಇಲ್ಲದ್ದು ನಡೆಯುವುದಿಲ್ಲವೆಂದು ಅಜ್ಜಿಯ ಬಾಯಿ ಮುಚ್ಚಿಸಿದರು. ಅದಕ್ಕೇ ಆ ಮೂಲ ಬಸ್ಸು ಕಟ್ಟುವ ನಿಮಗೇ ಬರೆಯುತ್ತಿದ್ದೇನೆ. ಸುಮ್ಮನಿರುವುದೇ ಸಹಜವೆಂದು ನಿಮಗೆ ಹೇಳಿದವರು ಯಾರು? ಪಕ್ಕದವರನ್ನು ಮಾತಾಡಿಸುವುದನ್ನು ನೀವು ಆಗಲೇ ಬಿಟ್ಟಿದ್ದಿರೇ? ಬಿಟ್ಟಿರದಿದ್ದರೆ, ಬಸ್ಸು ಕಟ್ಟುವಾಗ ಒಬ್ಬರ ಬಾಯಿಗಾದರೂ ಮಾತು ಕೊಡಿ.

ನಾಳೆ ಹತ್ತು ಗಂಟೆಗೆ ನನ್ನ ತಂಗಿ ಆ ಮಕ್ಕಳನ್ನು ಬಿಟ್ಟು ಬರಬೇಕು. ಬೆಳಿಗ್ಗೆ ಎದ್ದವಳೇ ಕನ್ನಡಕ ಹಾಕಿ ಬಸ್ಸಿನಲ್ಲಿ ಕೂರುತ್ತೇನೆ. ಯಾರಾದರೂ ನನ್ನ ಊರು ಕೇಳಿದರೆ, ನೀವು ಈ ಕಾಗದ ಓದಿದಿರೆಂದು ತಿಳಿಯುತ್ತೇನೆ.

ದಾನವ್ವ